ಮುನಿಯಮ್ಮನಿಗೆ ಹಸಿರು ಮೇವು

ಕೋಳಿ ಸೊಪ್ಪು ತಿನ್ನುತ್ತದೆ ಎಂಬ ಸಂಗತಿ ನನಗೆ ಗೊತ್ತಾದದ್ದು ತಲೆಗೂದಲು ನರೆಯುವ ಕಾಲಕ್ಕೆ, ಅದೂ ಕಲ್ಕತ್ತೆಯಲ್ಲಿ. ನಾನು ಹುಟ್ಟಿದ್ದು ಚಿಂತಾಮಣಿಯ ಹತ್ತಿರದ ಹಳ್ಳಿಯಲ್ಲಿ. ಮನೆಯ ಮುಂದೆಯೂ ಹಿಂದೆಯೂ ಕೋಳಿಗಳು ಓಡಾಡಿಕೊಂಡೇ ಇದ್ದವು. ಬೆಳಿಗ್ಗೆ ಮಂಕರಿ ಎತ್ತಿದರೆ ಹೋಗುತ್ತಿದ್ದವು, ಸಂಜೆ ಬರುತ್ತಿದ್ದವು. ನಡುವೆ ಎಲ್ಲಿಗೆ ಹೋಗಿದ್ದವು, ಏನು ಮಾಡಿದವು ಎಂದು ವಿಚಾರಿಸುವ ಪದ್ಧತಿ ಸರ್ಕಾರಿ ಕಚೇರಿಯಲ್ಲಿ ಹೇಗೆ ಇಲ್ಲವೋ ನಮ್ಮ ಮನೆಯಲ್ಲೂ ಹಾಗೇ ಇರಲಿಲ್ಲ.

ಇದಕ್ಕೆ ನಮ್ಮ ಭಾಷೆಯ ಕುಮ್ಮಕ್ಕೂ ಇದೆ. ಮೇವು ಎಂದರೆ ದನದ್ದು, ಹುರುಳಿ ಎಂದರೆ ಕುದುರೆಯದು, ಕಾಳು ಎಂದರೆ ಕೋಳಿಯದು. ಹೀಗೆ ಬಹಳ ಹಿಂದೆಯೇ ಪಾಲು ಹಂಚಿಕೆಯಾಗಿ ಹೋಗಿದೆ. ಮೇವಿನ ಬೆಳೆ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಮೆಲುಕು ಹಾಕುತ್ತಿರುವ ಹಸು. ಒಬ್ಬ ಮನುಷ್ಯ ಮಡಿ ಕಟ್ಟಿ, ಬೀಜ ಬಿತ್ತಿ, ನೀರು ಹಾಯಿಸಿ ಕೋಳಿಗಾಗಿ ಮೇವು ಬೆಳೆದನೆಂದರೆ ಅವನಿಗೆ ಮಾಡಲು ಬೇರೆ ಕೆಲಸವಿಲ್ಲವೆಂದು ಅರ್ಥ. ನನಗೆ ಕೆಲಸವಿತ್ತು. ಸ್ವಲ್ಪ ಹೆಚ್ಚೇ ಇತ್ತು.

ಅದು ಸಾಫ್ಟ್‌ವೇರಿನ ಸುಗ್ಗಿಯ ಕಾಲ. ದೇಶದ ಮೂಲೆಮೂಲೆಯ ಹುಡುಗರೆಲ್ಲ ಬೆಂಗಳೂರಿನ ರೈಲು ಹತ್ತುತ್ತಿದ್ದಾಗ ನಮ್ಮ ಕಂಪನಿ ನನ್ನನ್ನು ಬೆಂಗಳೂರಿನಿಂದ ಕಲ್ಕತ್ತೆಗೆ ಕಳಿಸಿತು. ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಹೊಸ ಶಾಖೆ ತೆರೆದಿದ್ದರು. ನಾನೂ ಹೆಂಡತಿ ಶಾರದಳೂ ಹೌರಾದಲ್ಲಿ ಇಳಿದಾಗ ಎದುರಿನ ಪ್ಲಾಟ್‌ಫಾರ್ಮಿನ ಗಾಡಿಯ ತುಂಬ ನಮ್ಮ ಊರಿಗೆ ಹೊರಟು ನಿಂತ ಬಂಗಾಳಿ ಹುಡುಗರು. ಅವರನ್ನು ಕಳಿಸಲು ಬಂದಿದ್ದ ಒಬ್ಬ ಯಜಮಾನರು ನಮ್ಮ ಕತೆ ಕೇಳಿ, ಕನ್ನಡಕ ಸರಿಮಾಡಿಕೊಂಡು, “ಬೆಂಗಳೂರು ಬಿಟ್ಟು ಇಲ್ಲಿಗೆ? ಅಲ್ಲಿ ಏನಾದರೂ ತೊಂದರೆ ಮಾಡಿಕೊಂಡಿರಾ?” ಎಂದು ನಿಜವಾದ ಕಳಕಳಿಯಿಂದ ಕೇಳಿದರು.

ಲೇಕ್ ಗಾರ್ಡನ್ಸಿನಲ್ಲಿ ಒಂದು ಹಳೆಯ ಮನೆಯ ಕೆಳಗಿನ ಭಾಗ ಬಾಡಿಗೆಗೆ ಸಿಕ್ಕಿತು. ಮೇಲಿನ ಮಹಡಿಯಲ್ಲಿ ಮನೆಯೊಡತಿ ಇದ್ದರು. ಭೂಗೋಳದ ಟೀಚರಾಗಿದ್ದು ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಮಾಶಿಮಾ ಅನ್ನುತ್ತಿದ್ದರು, ಎಂದರೆ ಚಿಕ್ಕಮ್ಮ. ನಾವೂ ಹಾಗೇ ಅಂದೆವು. ಅವರು ಶಾರದಳನ್ನು ಬೌಮಾ ಅಂದರು, ಎಂದರೆ ಸೊಸೆ. ನನ್ನ ಹೆಸರು ನಂಜುಂಡಯ್ಯ. ಅದನ್ನು ಆ ಬೀದಿ ಅಗಿದು ಅಗಿದು ಕೊನೆಗೆ ನೊಂಜುಂಡೊಬಾಬು ಎಂದು ಮಾಡಿ ನುಂಗಿತು.

ನಾನು ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಶಾರದ ಬೆಂಗಳೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಇಡೀ ದಿನ ಮಕ್ಕಳ ಮೇಲೆ ಕೂಗಿ ಕೂಗಿ, ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುತ್ತಿದ್ದ ಹೆಂಗಸು. ಇಲ್ಲಿ ಅವಳಿಗೆ ಬಂಗಾಳಿ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಒಂದು ದಿನ ಊಟ ಬಡಿಸುತ್ತ, “ಬೆಳಿಗ್ಗೆಯಿಂದ ಸಂಜೆವರ್ಗೂ ನನ್ನ ಧ್ವನಿ ನನಗೇ ಕೇಳ್ಸಲ್ಲ ಕಣ್ರೀ. ಆಗಾಗ ಕೆಮ್ಮಿ ನೋಡ್ಕೋತೀನಿ, ಇದೆಯೋ ಹೋಯ್ತೋ ಅಂತ” ಅಂದಳು. ನಗುತ್ತಲೇ ಅಂದಳು.

ಅದಾದ ವಾರವೇ ಮಾಶಿಮಾ ಅವಳನ್ನು ಹಾಸಿಗೆ ಹೊದಿಕೆ ಕೊಳ್ಳಲೆಂದು ಸಿಯಾಲ್ದಾಕ್ಕೆ ಕರೆದುಕೊಂಡು ಹೋದರು. ಇಬ್ಬರೂ ಹೊದಿಕೆಯಿಲ್ಲದೆ, ಒಂದು ಬಿದಿರಿನ ಬುಟ್ಟಿಯಲ್ಲಿ ಐದು ನಾಟಿ ಹೇಂಟೆಗಳನ್ನು ತುಂಬಿಕೊಂಡು ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ವಾಪಸು ಬಂದರು. ಬುಟ್ಟಿಯ ಮೇಲೆ ಮಾಶಿಮಾರ ಶಾಲು. ದಾರಿಯುದ್ದಕ್ಕೂ ಶಾಲು ಕೊಕ್ ಕೊಕ್ ಅನ್ನುತ್ತಿತ್ತಂತೆ, ಮಾಶಿಮಾ ಕಿಟಕಿಯಾಚೆ ನೋಡುತ್ತ ಗಂಭೀರವಾಗಿ ಕೂತಿದ್ದರಂತೆ. ಶಾರದ ಇದನ್ನೆಲ್ಲ ಹೇಳುವಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ನಗುವನ್ನು ನಾನು ಬೆಂಗಳೂರು ಬಿಟ್ಟ ಮೇಲೆ ಕೇಳಿಯೇ ಇರಲಿಲ್ಲ.

ಹಿತ್ತಲಿನಲ್ಲಿ ಗೂಡು ಎದ್ದಿತು. ಐದಕ್ಕೂ ನಮ್ಮೂರ ಕಡೆಯ ಹೆಸರುಗಳು ಬಿದ್ದವು. ಅವುಗಳಿಗೆಲ್ಲ ಹಿರಿಯಳಾದ, ಕೆಂಪು ಮೈಯ, ದಪ್ಪ ಕತ್ತಿನ, ಯಾರ ಮಾತನ್ನೂ ಕೇಳದವಳು ಮುನಿಯಮ್ಮ. ಈ ಹೆಸರು ಕೇಳಿ ಬೀದಿಯವರಿಗೆ ಮಹಾ ಸಂತೋಷ. ಬಂಗಾಳಿಯಲ್ಲಿ ಮುನಿಯಾ ಎಂದರೆ ಹೆಬ್ಬೆರಳುದ್ದದ ಒಂದು ಪುಟ್ಟ ಹಕ್ಕಿ. ಅಷ್ಟು ದೊಡ್ಡ ಕೋಳಿಗೆ ಅಷ್ಟು ಸಣ್ಣ ಹಕ್ಕಿಯ ಹೆಸರಿಟ್ಟ ಮದರಾಸಿಗಳ ಹಾಸ್ಯಪ್ರಜ್ಞೆಯನ್ನು ಅವರು ಮನಸಾರೆ ಹೊಗಳಿದರು. ನಾವು ಮದರಾಸಿಗಳಲ್ಲ ಎಂದು ತಿದ್ದುವುದೋ, ಅದು ಹಾಸ್ಯವಲ್ಲ ಎಂದು ತಿದ್ದುವುದೋ ಗೊತ್ತಾಗದೆ ನಾನು ಎರಡನ್ನೂ ಬಿಟ್ಟೆ.

ತೊಂದರೆ ಮಳೆಗಾಲದಲ್ಲಿ ಶುರುವಾಯಿತು. ನಮ್ಮ ಹಿತ್ತಲಿಗೆ ಅಂಟಿಕೊಂಡ ಮೋಟು ಗೋಡೆಯಾಚೆ ಭಾದುರಿಬಾಬು ಅವರ ಅಂಗಳ. ರೈಲ್ವೆಯಿಂದ ನಿವೃತ್ತರಾದ ಅವರು ಇಡೀ ವರ್ಷ ಬದುಕುತ್ತಿದ್ದದ್ದು ಚಳಿಗಾಲದ ಕೆಲವು ವಾರಗಳಿಗಾಗಿ. ಆಗ ಅವರ ಕುಂಡಗಳಲ್ಲಿ ಚಂದ್ರಮಲ್ಲಿಗೆ ಅರಳುತ್ತಿತ್ತು. ನಾವು ಸೇವಂತಿಗೆ ಅನ್ನುವ ಹೂವು. ಆದರೆ ಅವರದ್ದು ಮಾಲೆ ಕಟ್ಟುವ ಸೇವಂತಿಗೆಯಲ್ಲ, ಒಂದು ಗಿಡಕ್ಕೆ ಒಂದೇ ಹೂವು, ಅದು ಮಗುವಿನ ತಲೆಯಷ್ಟು ದಪ್ಪ. ಅದಕ್ಕಾಗಿ ಅವರು ಮಳೆಗಾಲದಲ್ಲೇ ಕಡ್ಡಿ ಊರಿ, ಛತ್ರಿ ಹಿಡಿದು ಕಾಯುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಆ ಛತ್ರಿಯ ಜೊತೆಗೆ ಬುಡಮೇಲಾದ ಒಂದು ಕುಂಡವನ್ನೂ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತರು.

“ನೊಂಜುಂಡೊಬಾಬು, ನಿಮ್ಮ ಮುನಿಯಾ ಇದನ್ನು ತಿಂದಳು. ಇದೊಂದೇ ಅಲ್ಲ, ಒಂದು ಸಾಲು.” ಅವರ ಇಂಗ್ಲಿಷು ಹಳೆಯ ಕಾಲದ್ದು, ಇಸ್ತ್ರಿ ಮಾಡಿದ್ದು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವರು ಬಗ್ಗಿ, ಉದುರಿದ ಮಣ್ಣನ್ನು ಕುಂಡಕ್ಕೆ ಎತ್ತಿಹಾಕತೊಡಗಿದರು.

ಸಂಜೆ ಬೀದಿಯ ಕ್ಲಬ್ಬಿನಲ್ಲಿ ಪಂಚಾಯಿತಿ ಸೇರಿತು. ಕಲ್ಕತ್ತೆಯಲ್ಲಿ ಪ್ರತಿಯೊಂದು ಬೀದಿಗೂ ಒಂದು ಕ್ಲಬ್ಬಿದೆ. ಪೂಜೆಯ ಪೆಂಡಾಲಿನಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು. ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಹಿರಿಯರು ಕೂತರು. ಎಲ್ಲರ ಮುಖದಲ್ಲೂ ತೀರ್ಪು ಮೊದಲೇ ಬರೆದಿತ್ತು. ಕೋಳಿಗಳು ಬೀದಿ ಬಿಡಬೇಕು.

ಅಷ್ಟರಲ್ಲಿ ನನ್ನ ಪಕ್ಕ ಕೂತಿದ್ದ ಶಾರದ ಕನ್ನಡದಲ್ಲಿ ಪಿಸುಗುಟ್ಟಿದಳು: “ರೀ, ಅವು ಹಸಿರಿಗೋಸ್ಕರ ಹೋಗಿರೋದು. ನಮ್ಮ ಹಿತ್ತಲಲ್ಲಿ ಒಂದು ಗರಿಕೆ ಕೂಡ ಇಲ್ಲ, ಎಲ್ಲಾ ತಿಂದು ಕೆರೆದು ಅಂಗಳ ಮಾಡಿಟ್ಟಿವೆ. ನಾವೇ ಸೊಪ್ಪು ಬೆಳೆದು ಹಾಕಿದ್ರೆ ಆ ಕಡೆ ಯಾಕ್ ಹೋಗ್ತವೆ? ಹೇಳ್ರೀ ಅವ್ರಿಗೆ.”

ನಾನು ಆಫೀಸಿನಲ್ಲಿ ಗಿರಾಕಿಗಳಿಗೆ ಮಾತು ಕೊಟ್ಟೂ ಕೊಟ್ಟೂ ಅಭ್ಯಾಸವಾದವನು. ಎದ್ದು ನಿಂತು, ಸ್ವಲ್ಪ ಉಪ್ಪು ಖಾರ ಸೇರಿಸಿಯೇ ಹೇಳಿದೆ. “ಚಂದ್ರಮಲ್ಲಿಗೆ ಅರಳುವ ಹೊತ್ತಿಗೆ ನಮ್ಮ ಕೋಳಿಗಳು ಗೋಡೆಯ ಕಡೆ ತಿರುಗಿಯೂ ನೋಡದ ಹಾಗೆ ಮಾಡುತ್ತೇವೆ. ಅವುಗಳಿಗೆ ಬೇಕಾದ ಹಸಿರನ್ನು ನಾವೇ ಬೆಳೆಯುತ್ತೇವೆ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಭಾದುರಿಬಾಬು ನಗಲಿಲ್ಲ. “ಸರಿ. ಹೂವು ಅರಳಿದ ಮೇಲೆ ಒಂದು ಕುಂಡವನ್ನು ಗೋಡೆಯ ಮೇಲೆ ಇಡುತ್ತೇನೆ. ನೀವು ಕೋಳಿಗಳನ್ನು ಬಿಡಿ. ಒಂದು ಎಸಳು ಉದುರಿದರೂ ಅವತ್ತೇ ಅವು ಹೋಗಬೇಕು. ಅಲ್ಲಿಯವರೆಗೆ ಗೋಡೆಯುದ್ದಕ್ಕೂ ಬಲೆ ಕಟ್ಟಿ.” ಸಭೆ ತಲೆಯಾಡಿಸಿತು. ಕೇರಂ ಬೋರ್ಡು ಮತ್ತೆ ಮಲಗಿತು.

ಮನೆಗೆ ಬರುತ್ತ ದಾರಿಯಲ್ಲಿ ಶಾರದ ಒಂದೇ ಮಾತು ಅಂದಳು. “ಕೋಳಿ ಹೋದ್ರೆ ನಾನೂ ಹೋಗ್ತೀನಿ ಕಣ್ರೀ, ಬೆಂಗಳೂರಿಗೆ. ನೀವು ಪ್ರಾಜೆಕ್ಟ್ ಮುಗಿಸ್ಕೊಂಡು ಬನ್ನಿ.” ನಾನು ಅವಳ ಮುಖ ನೋಡಿದೆ. ಈ ಸಲ ನಗುತ್ತಿರಲಿಲ್ಲ.

ಹೀಗೆ ನಾನು ರೈತನಾದೆ. ಬೆಳಿಗ್ಗೆ ಆಫೀಸಿನ ವ್ಯಾನು ಬರುವ ಮೊದಲು ಪಂಚೆ ಎತ್ತಿಕಟ್ಟಿ ಹಿತ್ತಲಿನ ಮೂರನೆಯ ಒಂದು ಭಾಗ ಅಗೆದೆ. ಮೊದಲ ಬೆಳೆ ಅಲಸಂದೆ. ಬೇಗ ಹಬ್ಬುತ್ತದೆ, ಎಲೆ ಮೆತ್ತಗಿರುತ್ತದೆ ಎಂಬ ಲೆಕ್ಕ. ಮೊಳಕೆ ಎದ್ದು ಎರಡೆಲೆ ಕೈ ಮುಗಿದು ನಿಂತ ದಿನ ನಾನು ಆಫೀಸಿನಲ್ಲಿ ಸಿಹಿ ಹಂಚುವುದೊಂದು ಬಾಕಿ. ಅದೇ ವಾರ ಆಕಾಶ ಹರಿದುಕೊಂಡು ಬಿತ್ತು. ಕಲ್ಕತ್ತೆಯ ಮಳೆ ಬಂದು ಹೋಗುವ ಮಳೆಯಲ್ಲ, ಬಂದು ಬೀಡುಬಿಡುವ ಮಳೆ. ಬೀದಿಯಲ್ಲಿ ಮೊಣಕಾಲು ಮಟ್ಟ ನೀರು. ನನ್ನ ಅಲಸಂದೆಯ ಮಡಿಯಲ್ಲಿ ಯಾರದೋ ಚಪ್ಪಲಿ ತೇಲುತ್ತಿತ್ತು. ಸೆಕ್ಟರ್ ಫೈವಿನ ವ್ಯಾನೂ ಬರಲಿಲ್ಲ, ನಾನೂ ಹೋಗಲಿಲ್ಲ. ಐದು ಕೋಳಿಗಳನ್ನು ಮಾಶಿಮಾರ ಮಹಡಿಯ ಮೆಟ್ಟಿಲುಗಳ ಮೇಲೆ ಕೂರಿಸಿದ್ದಾಯಿತು. ಮೆಟ್ಟಿಲಿಗೊಂದರಂತೆ ಕೂತು ಅವು ನೀರನ್ನೇ ನೋಡುತ್ತಿದ್ದವು. ಮುನಿಯಮ್ಮ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ.

ನೆಲವೇ ಇಲ್ಲದ ಮೇಲೆ ಮೇವು ಎಲ್ಲಿಂದ ಬರಬೇಕು? ಶಾರದ ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದ ಶಬ್ದ ಕೇಳಿಸಿತು. ಎದ್ದು ಓಡಿದೆ. ಅದು ರಾಗಿಯ ಡಬ್ಬಿ. ಕಲ್ಕತ್ತೆಯಲ್ಲಿ ಅಕ್ಕಿ ಸಮುದ್ರದಷ್ಟಿದೆ, ರಾಗಿಯನ್ನು ಮಾತ್ರ ಯಾರೂ ಕಂಡವರಿಲ್ಲ. ನಮ್ಮ ಆಫೀಸಿನ ಕನ್ನಡದ ಹುಡುಗರು ಊರಿಂದ ಬರುವಾಗ ಒಂದೊಂದು ಚೀಲ ತಂದುಕೊಡುತ್ತಿದ್ದರು. ಆ ರಾಗಿಯಲ್ಲಿ ನನ್ನ ಭಾನುವಾರಗಳಿದ್ದವು, ನನ್ನ ಮುದ್ದೆಯಿತ್ತು.

“ಶಾರದಾ, ಅದು ನನ್ನ...”

“ನೀವು ಅನ್ನ ತಿನ್ನಬಹುದು. ಅವುಗಳಿಗೆ ಹಸಿರು ಬೇಕು.”

ರಾಗಿ ನೆನೆದು, ಬಟ್ಟೆಯಲ್ಲಿ ಕಟ್ಟಿಸಿಕೊಂಡು, ಬಿದಿರಿನ ಮೊರಗಳ ಮೇಲೆ ಹರಡಿಕೊಂಡು, ಕಿಟಕಿಯ ಹತ್ತಿರ ಕೂತು ಮೊಳೆಯಿತು. ನೀರು ಬತ್ತುವ ಹೊತ್ತಿಗೆ ಮೊರದ ತುಂಬ ಬೆರಳುದ್ದದ ಎಳೆ ಹಸಿರು, ಗರಿಗರಿಯಾದ ಹಾಸು. ಶಾರದ ಅದನ್ನು ಚಾಪೆಯಂತೆ ಎತ್ತಿ ಮೆಟ್ಟಿಲಿನ ಮೇಲಿಟ್ಟಳು. ಮುನಿಯಮ್ಮ ಒಂದು ಕಣ್ಣಿನಿಂದ ನೋಡಿದಳು, ಇನ್ನೊಂದು ಕಣ್ಣಿನಿಂದ ನೋಡಿದಳು, ಆಮೇಲೆ ಬೇರು ಸಮೇತ ಎಳೆದು ತಿನ್ನತೊಡಗಿದಳು. ನಾನು ಎದುರು ಕೂತು ಅನ್ನ ಸಾರು ತಿಂದೆ. ನನ್ನ ಮುದ್ದೆಯನ್ನು ಬೇರೊಬ್ಬರು ಅಷ್ಟು ಆನಂದದಿಂದ ತಿಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಶ್ಚರ್ಯವೆಂದರೆ ಹೊಟ್ಟೆಕಿಚ್ಚಾಗಲಿಲ್ಲ. ಕೆಲವು ದಿನಗಳಲ್ಲಿ ಮೊಟ್ಟೆಯ ನಡುವಿನ ಲೋಳೆ ತೆಳು ಹಳದಿಯಿಂದ ಅರಿಶಿನಕ್ಕೆ ತಿರುಗಿದಾಗ ನಮ್ಮ ಲೆಕ್ಕ ಸರಿಯಿದೆ ಎಂದು ಧೈರ್ಯ ಬಂತು.

ಮಳೆ ತಗ್ಗಿದ ಮೇಲೆ ಎರಡನೆಯ ಸಲ ಅಲಸಂದೆ ಬಿತ್ತಿದೆವು. ಈ ಬಾರಿ ಮಡಿ ಎತ್ತರಿಸಿ, ಕಾಲುವೆ ತೆಗೆದು, ಸುತ್ತ ಬಿದಿರಿನ ದಬ್ಬೆಯ ಬೇಲಿ ಕಟ್ಟಿ. ಬೆಳೆ ಸೊಗಸಾಗಿ ಬಂತು. ನಾನು ಬೇಲಿಯ ಬಾಗಿಲು ತೆಗೆದು ಬಹಳ ದೊಡ್ಡಸ್ತಿಕೆಯಿಂದ, “ಬನ್ನಿ, ತಿನ್ನಿ” ಅಂದೆ. ಬಂದವು. ತಿನ್ನುವುದು ಹಾಗಿರಲಿ, ಎರಡೂ ಕಾಲಲ್ಲಿ ಕೆರೆದು, ಬುಡ ಕಿತ್ತು, ಅಲ್ಲೇ ಮಣ್ಣಿನಲ್ಲಿ ಹೊರಳಾಡಿ, ಮಧ್ಯಾಹ್ನದ ಹೊತ್ತಿಗೆ ನನ್ನ ಹೊಲವನ್ನು ಕುಸ್ತಿಯ ಅಖಾಡ ಮಾಡಿದವು. ಕೊಯ್ದು ಹಾಕಿದರೆ ಬಾಡಿದ ಸೊಪ್ಪನ್ನು ಮೂಸುವುದಿಲ್ಲ, ಒಳಗೆ ಬಿಟ್ಟರೆ ಬುಡವನ್ನು ಉಳಿಸುವುದಿಲ್ಲ. ಇನ್ನೊಂದು ಕಡೆ ಬಲೆಯಾಚೆ ಭಾದುರಿಬಾಬು ಹೊಸ ಕುಡಿಗಳಿಗೆ ಕಡ್ಡಿ ನೆಟ್ಟು ನೂಲು ಕಟ್ಟುತ್ತಿದ್ದರು. ಅವರ ಗಿಡಗಳು ದಿನಕ್ಕಿಷ್ಟು ಎತ್ತರವಾಗುತ್ತಿದ್ದವು. ನನ್ನ ಆತ್ಮವಿಶ್ವಾಸ ದಿನಕ್ಕಿಷ್ಟು ಕುಳ್ಳಾಗುತ್ತಿತ್ತು. ಆದರೂ ಶಾರದ ಹಟ ಬಿಡದೆ ಕಿತ್ತುಹೋದ ಮಡಿಗೆ ಮತ್ತೆ ಒಂದು ಹಿಡಿ ಕಾಳು ಉದುರಿಸಿದಳು.

ದುರ್ಗಾಪೂಜೆಗೆ ಸ್ವಲ್ಪ ಮೊದಲು ಒಂದು ಬಿರುಗಾಳಿ ಬೀಸಿತು. ಹಿತ್ತಲ ಗೋಡೆಗೆ ಮಾಶಿಮಾರ ಮಾವನ ಕಾಲದ ಒಂದು ಕಬ್ಬಿಣದ ಮಂಚ ಒರಗಿಸಿಟ್ಟಿತ್ತು. ಆಸ್ಪತ್ರೆಯಲ್ಲಿ ಇರುತ್ತದಲ್ಲ, ಹಾಗೆ ತಂತಿಯ ಜಾಲರಿಯ ಮಂಚ. ಕಾಲು ಮುರಿದು ಗೇಣುದ್ದ ಮೋಟು ಉಳಿದಿತ್ತು. ಗಾಳಿಗೆ ಅದು ಬೇಲಿ ಮುರಿದುಕೊಂಡು ದೊಪ್ಪನೆ ಮಡಿಯ ಮೇಲೆ ಬಿತ್ತು. ಎತ್ತಿಡೋಣವೆಂದುಕೊಂಡೆ. ಪೂಜೆಯ ಗಲಾಟೆ, ಆಫೀಸಿನ ಗಲಾಟೆ, ಮರೆತೇಹೋಯಿತು.

ಒಂದು ಬೆಳಿಗ್ಗೆ ಶಾರದ ಹಿತ್ತಲಿನಿಂದ ನನ್ನನ್ನು ಕೂಗಿದಳು. ಅವಳ ಮೇಷ್ಟರಗಿತ್ತಿಯ ಹಳೆಯ ಕೂಗು. ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿದೆ. ಮಂಚದ ಜಾಲರಿಯ ಕಣ್ಣುಗಳಿಂದ ಅಲಸಂದೆಯ ಕುಡಿಗಳು ಮೇಲೆದ್ದು ಬಂದಿದ್ದವು. ಮಂಚದ ಮೇಲೆ ಐದೂ ಕೋಳಿಗಳು ನಿಂತಿದ್ದವು. ಮೇಲೆ ಬಂದ ಎಲೆಗಳನ್ನಷ್ಟೇ ಕಚಕಚ ಕುಕ್ಕಿ ತಿನ್ನುತ್ತಿದ್ದವು. ಕೆರೆಯಲು ಕಾಲೆತ್ತಿದರೆ ಕಾಲಿಗೆ ತಂತಿ ಸಿಗುತ್ತಿತ್ತು, ಮಣ್ಣು ಸಿಗುತ್ತಿರಲಿಲ್ಲ. ಬುಡ ಕೆಳಗೆ ತಣ್ಣಗೆ, ಸುಖವಾಗಿ ಕೂತಿತ್ತು.

“ನೋಡಿದ್ರಾ?” ಅಂದಳು ಶಾರದ. “ಇವು ತಿಂದಷ್ಟೂ ಅದು ಚಿಗುರತ್ತೆ. ಬೇರಿಗೆ ಕಾಲು ಹೋಗಲ್ಲ. ಇನ್ನೇನ್ ಬೇಕು ಹೇಳಿ?”

ನನಗೆ ಬಾಯಿ ತೊಳೆದುಕೊಳ್ಳುವುದು ಬೇಕಾಗಿತ್ತು. ಆದರೂ ನೊರೆಯ ಬಾಯಲ್ಲೇ ಭೇಷ್ ಅಂದೆ. ಕೋಳಿಗಳು ಹಳೆಯ ಜಮೀನ್ದಾರರಂತೆ ಮಂಚದ ಮೇಲೇ ಊಟ ಮಾಡುತ್ತಿದ್ದವು. ಮಾಶಿಮಾ ಮೇಲಿನ ವರಾಂಡದಿಂದ ಬಗ್ಗಿ ನೋಡಿ, “ನಮ್ಮ ಮಾವನವರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ ಬೌಮಾ, ಅಲ್ಲೇ ತಿನ್ನುತ್ತಿದ್ದರು” ಅಂದರು.

ಆ ಮೇಲೆ ನಮ್ಮ ಕೃಷಿಗೆ ಕೈಕಾಲು ಬಂತು. ಮಂಚದ ಅಳತೆಗೆ ಸರಿಯಾಗಿ ಮಡಿಗಳು ತಯಾರಾದವು. ಗಣಿತದ ಟೀಚರು ಹಿತ್ತಲನ್ನು ಭಾಗ ಮಾಡಿದಳು: ಒಂದು ಮಡಿ ಮೇಯುತ್ತಿರುವಾಗ ಇನ್ನೊಂದು ಚಿಗುರಬೇಕು, ಮತ್ತೊಂದರಲ್ಲಿ ಬೀಜ ಮೊಳೆಯಬೇಕು. ಕಿಟಕಿಗೆ ಹೊಡೆಯುವ ದಪ್ಪ ಕಣ್ಣಿನ ಜಾಲರಿಯನ್ನು ಮರದ ಚೌಕಟ್ಟುಗಳಿಗೆ ಬಿಗಿದು ಇನ್ನೂ ಎರಡು ಮಂಚಗಳಾದವು. ಚಳಿಗಾಲಕ್ಕೆ ಬರ್ಸೀಮ್ ಬಿತ್ತಿದೆವು. ನಮ್ಮ ಕಡೆ ದನಕ್ಕೆ ಹಾಕುವ ಕುದುರೆಮಸಾಲೆ ಸೊಪ್ಪಿನ ದಾಯಾದಿ ಅದು, ಮೂರೆಲೆಯ ಮೆತ್ತನೆಯ ಗಿಡ, ಕತ್ತರಿಸಿದಷ್ಟೂ ಚಿಗುರುವ ಸ್ವಭಾವ. ಬೇಲಿಯ ಬದಿಗೆ ಒಂದು ಸಾಲು ಮೆಂತ್ಯ. ತೇವದ ಮೂಲೆಯಲ್ಲಿ ಯಾರೂ ಬಿತ್ತದೆ ಹೊನಗೊನೆ ಸೊಪ್ಪು ತಾನಾಗಿ ಹಬ್ಬಿತು. ಅದನ್ನು ಕಂಡು ಶಾರದ ನೆಂಟರು ಬಂದಂತೆ ಹಿಗ್ಗಿದಳು.

ಬಂಗಾಳದವರು ಸೊಪ್ಪಿನ ವಿಷಯದಲ್ಲಿ ನಮಗಿಂತ ಮುಂದು. ಕಾಳಿಪೂಜೆಯ ಹಿಂದಿನ ದಿನ ಹದಿನಾಲ್ಕು ಬಗೆಯ ಸೊಪ್ಪು ತಿನ್ನಲೇಬೇಕೆಂಬ ಶಾಸ್ತ್ರ ಅವರಲ್ಲಿದೆ. ದೆವ್ವಗಳು ಹತ್ತಿರ ಬರುವುದಿಲ್ಲವಂತೆ. ಇಷ್ಟು ಸೊಪ್ಪು ತಿಂದ ಮನುಷ್ಯನ ಹತ್ತಿರ ದೆವ್ವವೇನು, ಡಾಕ್ಟರೂ ಬರಲಾರ. ಆ ಬೆಳಿಗ್ಗೆ ಮಾಶಿಮಾ ಪೇಟೆಯಿಂದ ಬರಿಗೈಯಲ್ಲಿ ಬಂದರು. ಶಾಂಚಿ ಎಂಬ ಒಂದು ಸೊಪ್ಪು ಎಲ್ಲೂ ಇಲ್ಲ. ಶಾರದ ಮೂಲೆಯಿಂದ ಹೊನಗೊನೆಯ ಒಂದು ಕುಡಿ ಕಿತ್ತು, “ಎಟಾ?” ಎಂದು ಕೇಳಿದಳು. ಇದಾ, ಎಂದರ್ಥ. ಮಾಶಿಮಾ ಕನ್ನಡಕ ಹಣೆಗೇರಿಸಿ ನೋಡಿ, ಶಾರದಳ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದರು. ಅದೇ ಶಾಂಚಿ! ಅರ್ಧ ಗಂಟೆಯಲ್ಲಿ ಸುದ್ದಿ ಹರಡಿ ಬೀದಿಯ ಹೆಂಗಸರೆಲ್ಲ ನಮ್ಮ ಕೋಳಿಗಳ ಹೊಲದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಮುನಿಯಮ್ಮ ಮಂಚದ ಮೇಲಿಂದ ಅವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಭಾದುರಿಬಾಬು ಮನೆಗೂ ಒಂದು ಕಟ್ಟು ಹೋಯಿತು. ಅವರು ತೆಗೆದುಕೊಂಡರು, ಆದರೆ ಪರೀಕ್ಷೆಯ ಮಾತು ಹಿಂತೆಗೆದುಕೊಳ್ಳಲಿಲ್ಲ.

ಪರೀಕ್ಷೆ ಒಂದು ಚಳಿಯ ಭಾನುವಾರ. ಬೀದಿಯ ಹಿರಿಯರೆಲ್ಲ ಕೋತಿಟೊಪ್ಪಿ ಮಫ್ಲರು ಸುತ್ತಿಕೊಂಡು ಬಂದರು. ನಮ್ಮ ಆಫೀಸಿನ ಕನ್ನಡದ ಹುಡುಗರು ಕ್ರಿಕೆಟ್ ಮ್ಯಾಚಿಗೆ ಬಂದಂತೆ ಬಂದರು. ಹೆಂಗಸರು ಮಾಶಿಮಾರ ವರಾಂಡದಲ್ಲಿ. ಭಾದುರಿಬಾಬು ಬಲೆಯನ್ನು ತಾವೇ ಬಿಚ್ಚಿದರು. ಒಳಗೆ ಹೋಗಿ, ಕೂಸನ್ನು ಎತ್ತಿಕೊಂಡು ಬರುವಂತೆ ಒಂದು ಕುಂಡ ತಂದು ಗೋಡೆಯ ಮೇಲಿಟ್ಟರು. ಸುಮ್ಮನೆ ಯಾವುದೋ ಒಂದು ಕುಂಡ ಇಡುತ್ತಾರೆಂದು ತಿಳಿದಿದ್ದೆ. ಅದು ಅವರ ಆ ವರ್ಷದ ಅತ್ಯಂತ ದೊಡ್ಡ ಹೂವು, ಹಾಲಿನ ಕೆನೆಯ ಬಣ್ಣ, ನೂರಾರು ಎಸಳು ಒಳಮುಖವಾಗಿ ಬಾಗಿದ್ದವು. ಇಂಥ ಹೂವನ್ನು ಪಣಕ್ಕಿಡುವ ಮನುಷ್ಯ ಸಾಮಾನ್ಯನಲ್ಲ.

ಶಾರದ ಗೂಡಿನ ಬಾಗಿಲು ತೆಗೆದಳು.

ನಾಲ್ಕು ಕೋಳಿಗಳು ಅತ್ತಿತ್ತ ನೋಡದೆ ಬರ್ಸೀಮಿನ ಮಂಚ ಹತ್ತಿದವು. ಹುಡುಗರು ಶಿಳ್ಳೆ ಹಾಕಲು ಬೆರಳು ಬಾಯಿಗಿಟ್ಟರು. ಮುನಿಯಮ್ಮ ಮಾತ್ರ ಹಿತ್ತಲ ನಡುವೆ ನಿಂತಳು. ಇಷ್ಟೊಂದು ಜನ ಯಾಕೆ ಸೇರಿದ್ದಾರೆಂದು ಯೋಚಿಸಿದಂತೆ ಕತ್ತು ಓರೆ ಮಾಡಿದಳು. ಆಮೇಲೆ ನಿಧಾನವಾಗಿ ಗೋಡೆಯ ಕಡೆ ನಡೆದು, ರೆಕ್ಕೆ ಬಡಿದು, ಒಂದೇ ನೆಗೆತಕ್ಕೆ ಗೋಡೆಯ ಮೇಲೆ, ಕುಂಡದ ಪಕ್ಕದಲ್ಲೇ ಇಳಿದಳು.

ವರಾಂಡದಲ್ಲಿ ಯಾರೋ “ಮಾ ಗೋ!” ಅಂದರು. ಮುನಿಯಮ್ಮ ಹೂವನ್ನು ಒಂದು ಕಣ್ಣಿನಿಂದ ನೋಡಿದಳು. ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿದಳು. ನಾನು ಮನಸ್ಸಿನಲ್ಲೇ ಶಾರದಳಿಗೆ ರೈಲಿನ ಟಿಕೆಟ್ ತೆಗೆಸಿದೆ. ಕೊಕ್ಕು ಚಕ್ಕನೆ ಮುಂದೆ ಹೋಯಿತು, ಹೂವಿನ ಅಡಿಗೆ ನುಗ್ಗಿತು, ಹೊರಗೆ ಬಂತು.

ಕೊಕ್ಕಿನಲ್ಲಿ ಒಂದು ಹಸಿರು ಹುಳು ಒದ್ದಾಡುತ್ತಿತ್ತು. ಕಿರುಬೆರಳಿನ ಗಾತ್ರದ ಕಂಬಳಿಹುಳು.

ಮುನಿಯಮ್ಮ ಅದನ್ನು ಗುಳುಂ ಮಾಡಿ, ಗೋಡೆಗೆ ಕೊಕ್ಕು ಒರೆಸಿ, ಧೊಪ್ಪನೆ ನಮ್ಮ ಕಡೆಗೆ ಹಾರಿ, ಗಂಭೀರವಾಗಿ ನಡೆದು ಹೋಗಿ ಮಂಚ ಹತ್ತಿ ಬರ್ಸೀಮ್ ತಿನ್ನತೊಡಗಿದಳು.

ಯಾರೂ ಚಪ್ಪಾಳೆ ತಟ್ಟುವ ಧೈರ್ಯ ಮಾಡಲಿಲ್ಲ. ಭಾದುರಿಬಾಬು ಓದುವ ಕನ್ನಡಕ ಹಾಕಿಕೊಂಡರು. ಕುಂಡದ ಸುತ್ತ, ಗೋಡೆಯ ಮೇಲೆ, ಗೋಡೆಯ ಬುಡದಲ್ಲಿ ಹುಡುಕಿದರು. ಹೂವಿನ ಅಡಿಯ ಎಲೆಯನ್ನು ಬೆರಳಲ್ಲಿ ಎತ್ತಿ ನೋಡಿದರು. ಅಲ್ಲಿ ಹುಳು ಕೊರೆದ ತೂತುಗಳಿದ್ದವು. ಇನ್ನೆರಡು ದಿನ ಬಿಟ್ಟಿದ್ದರೆ ಅದು ಹೂವಿಗೇ ಏರುತ್ತಿತ್ತು.

“ಒಂದು ಎಸಳೂ ಉದುರಿಲ್ಲ” ಎಂದು ಇಂಗ್ಲಿಷಿನಲ್ಲಿ ಘೋಷಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: “ನೊಂಜುಂಡೊಬಾಬು, ಮುನಿಯಾಗೆ ಊಟವಾದ ಮೇಲೆ ಬಿಡುವಿದ್ದರೆ, ನನ್ನ ಉಳಿದ ಕುಂಡಗಳನ್ನೂ ಒಂದು ಸಲ ನೋಡಿ ಹೋಗಬಹುದೇ?”

ಆಗ ಎದ್ದ ಗದ್ದಲವನ್ನು ಏನೆಂದು ಹೇಳಲಿ! ಹುಡುಗರು ನನ್ನನ್ನು ಎತ್ತಿ ಕುಣಿಸಲು ನೋಡಿದರು. ನನ್ನ ತೂಕ ತಿಳಿದ ಮೇಲೆ ಬೆನ್ನು ತಟ್ಟಿ ಸುಮ್ಮನಾದರು. ಮಾಶಿಮಾ ವರಾಂಡದಿಂದ ಬಾಯಿಗೆ ಕೈ ಆಡಿಸುತ್ತ ಉಲು ಹಾಕಿದರು, ಮದುವೆಮನೆಯಲ್ಲಿ ಬಂಗಾಳಿ ಹೆಂಗಸರು ಹಾಕುವ ಮಂಗಳಧ್ವನಿ. ಒಬ್ಬರಿಂದೊಬ್ಬರು ಅದನ್ನು ಎತ್ತಿಕೊಂಡು ಇಡೀ ಬೀದಿಯೇ ಮೊಳಗಿತು. ಕೋಳಿಗಳು ತಲೆ ಎತ್ತಲಿಲ್ಲ. ಬರ್ಸೀಮ್ ಅಷ್ಟು ಎಳೆಯದಾಗಿತ್ತು.

ಚಹಾ ಆಗಬೇಕಾಯಿತು. ಒಳಗೆ ಹೋಗಿ ಮನೆಯಲ್ಲಿದ್ದ ಲೋಟಗಳನ್ನೆಲ್ಲ ಒಂದು ತಟ್ಟೆಯಲ್ಲಿ ಜೋಡಿಸಿಕೊಂಡು ನಾನೇ ಹೊರಗೆ ಬಂದೆ. ಬಂದವನು ಬಾಗಿಲಲ್ಲೇ ನಿಂತುಬಿಟ್ಟೆ. ಕ್ಲಬ್ಬಿನ ಹಿರಿಯರು, ಭಾದುರಿಬಾಬು, ವರಾಂಡದಿಂದ ಇಳಿದುಬಂದ ಹೆಂಗಸರು, ಎಲ್ಲರೂ ಮಂಚದ ಸುತ್ತ ನೆರೆದಿದ್ದರು. ನಡುವೆ ಶಾರದ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹಿಡಿ ಸೊಪ್ಪನ್ನು ಸೀಮೆಸುಣ್ಣದಂತೆ ಹಿಡಿದು ಪಾಠ ಮಾಡುತ್ತಿದ್ದಳು. ಬಂಗಾಳಿಯಲ್ಲಿ. ತಡವರಿಸದೆ, ಜೋರಾಗಿ, ಕೈ ಬೀಸಿ ಬೀಸಿ. ನನಗೆ ಅಲ್ಲೊಂದು ಇಲ್ಲೊಂದು ಪದ ತಿಳಿಯಿತು, ಉಳಿದದ್ದೆಲ್ಲ ತಲೆಯ ಮೇಲಿಂದ ಹಾರಿಹೋಯಿತು. ನಾನು ವ್ಯಾನಿನಲ್ಲಿ ಹೋಗಿ ಬರುತ್ತಿದ್ದ ತಿಂಗಳುಗಳಲ್ಲಿ, ಬೀಜ ಕೇಳುತ್ತ, ಬೆಲೆ ಇಳಿಸುತ್ತ, ಸೊಪ್ಪಿನ ಹೆಸರು ಹಿಡಿದು ವಾದಿಸುತ್ತ ಇವಳು ಒಂದು ಭಾಷೆಯನ್ನೇ ಕಲಿತುಬಿಟ್ಟಿದ್ದಳು. ಅವಳು ಕೊನೆಗೆ ಏನೋ ಅಂದಳು. ಎಲ್ಲರೂ ಘೊಳ್ಳೆಂದು ನಕ್ಕರು. ಎಂದೂ ನಗದ ಭಾದುರಿಬಾಬು ಗೋಡೆಗೆ ಒರಗಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ಚಹಾ ಹಂಚುತ್ತ ಅವಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. “ಏನೇ ಅದು? ಏನಂದೆ? ನನಗೂ ಹೇಳೇ.”

ಅವಳು ಇನ್ನೂ ನಗುತ್ತಲೇ ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡಳು. ಒಂದು ಕ್ಷಣ ನಿಜವಾಗಿಯೂ ಪ್ರಯತ್ನಪಟ್ಟಂತೆ ಯೋಚಿಸಿದಳು. ಆಮೇಲೆ ತಲೆಯಾಡಿಸಿ ಅಂದಳು:

“ಅದನ್ನ ಕನ್ನಡದಲ್ಲ್ ಹೇಳಕ್ಕಾಗಲ್ಲ ಕಣ್ರೀ.”